ನೂರು ಜನರಿಗೆ ಖೀಮಾ ಸುಕ್ಕ: ಅರ್ಧ ಮಟನ್, ಅರ್ಧ ಸೋಯಾ ಮತ್ತು ಕಡ್ಲೆ

ಸುಕ್ಕ ಅಂದರೆ ನಮ್ಮ ಕರಾವಳಿಯ, ಕಾಯಿತುರಿ ಹಾಕಿದ ಒಣ ಪದಾರ್ಥ. ಯುವಕ ಮಂಡಲದ ವಾರ್ಷಿಕೋತ್ಸವ, ಇಗರ್ಜಿ ಹಾಲ್‌ನ ಊಟ, ಹಾಸ್ಟೆಲ್ ಡೇ. ಇಂಥ ಕಡೆ ಅಡುಗೆ ವಹಿಸಿಕೊಂಡವರು ನನ್ನಲ್ಲಿ ಮತ್ತೆ ಮತ್ತೆ ಕೇಳುವುದು ಒಂದೇ ಪ್ರಶ್ನೆ. "ಖೀಮಾದಲ್ಲಿ ಮಟನ್ ಕಡಿಮೆ ಮಾಡಿ ಸೋಯಾ ಹಾಕಬೇಕು ಅಂತ ಇದ್ದೇವೆ, ಆದರೆ ಆ ವಾಸನೆ ಬರುತ್ತದಲ್ಲ, ಬಾಯಿಗೆ ಸ್ಪಂಜಿನ ಹಾಗೆ ಸಿಗುತ್ತದಲ್ಲ, ಏನು ಮಾಡುವುದು?" ಕೆಲವರಿಗೆ ಖರ್ಚಿನ ಚಿಂತೆ. ಈಗ ಕಾಲೇಜು ಮಕ್ಕಳು ಕಾರ್ಬನ್ ಲೆಕ್ಕಕ್ಕಾಗಿಯೂ ಕೇಳುತ್ತಾರೆ. ಯಾವ ಕಾರಣಕ್ಕೆ ಕೇಳಿದರೂ ಉತ್ತರ ಒಂದೇ. ಮಟನ್ ಪೂರ್ತಿ ತೆಗೆಯಬೇಡಿ, ಅರ್ಧ ತೆಗೆಯಿರಿ. ಆ ಜಾಗಕ್ಕೆ ಬಂದ ಸೋಯಾವನ್ನು ಕೊನೆಗೆ ಸುಮ್ನೆ ಸುರಿಯಬೇಡಿ, ಅದಕ್ಕೂ ಮಟನ್‌ನಷ್ಟೇ ಸಮಯ ಕೊಡಿ.

ಮೊದಲು ಈ ಕಾರ್ಬನ್ ಲೆಕ್ಕ ಏನು ಅಂತ ಹೇಳಿಬಿಡುತ್ತೇನೆ. ಒಂದು ಆಹಾರ ಬೆಳೆದು, ಸಾಗಿ, ಅಂಗಡಿಗೆ ಬರುವಷ್ಟರಲ್ಲಿ ಭೂಮಿಯನ್ನು ಬಿಸಿ ಮಾಡುವ ಅನಿಲ ಎಷ್ಟು ಹೊರಬಿತ್ತು ಅನ್ನುವುದೇ ಅದರ ಕಾರ್ಬನ್ ಹೆಜ್ಜೆಗುರುತು. ಆಡು, ಕುರಿ, ದನ ಇವೆಲ್ಲ ಮೆಲುಕು ಹಾಕುವ ಪ್ರಾಣಿಗಳು. ಇವುಗಳ ಹೊಟ್ಟೆಯಲ್ಲಿ ಮೇವು ಹುಳಿಯುವಾಗ ಮಿಥೇನ್ ಹುಟ್ಟಿ ತೇಗಿನಲ್ಲಿ ಹೊರಬರುತ್ತದೆ. ಮಿಥೇನ್ ನೂರು ವರ್ಷಗಳ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಜಾಸ್ತಿ ಬಿಸಿ ಮಾಡುವ ಅನಿಲ. 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಜೋಸೆಫ್ ಪೂರ್ ಮತ್ತು ಥಾಮಸ್ ನೆಮೆಚೆಕ್ ಅವರ ದೊಡ್ಡ ಅಧ್ಯಯನ ಬಂತು. ಅದರ ಜಾಗತಿಕ ಸರಾಸರಿ ಪ್ರಕಾರ ಒಂದು ಕಿಲೋ ಕುರಿ ಅಥವಾ ಆಡಿನ ಮಾಂಸದ ಹಿಂದೆ ಸುಮಾರು 40 ಕಿಲೋ ಕಾರ್ಬನ್ ಡೈಆಕ್ಸೈಡ್‌ಗೆ ಸಮನಾದ ಅನಿಲ ಇರುತ್ತದೆ. ಕೋಳಿಗೆ ಸುಮಾರು 10 ಕಿಲೋ. ಬೇಳೆಕಾಳಿಗೆ 2 ಕಿಲೋದ ಆಸುಪಾಸು.

ಈಗ ನಮ್ಮ ಕೊಪ್ಪರಿಗೆಗೆ ಬನ್ನಿ. ನೂರು ಜನರಿಗೆ 11 ಕಿಲೋ ಮಟನ್ ಖೀಮಾ ಅಂದರೆ 440 ಕಿಲೋ. ಅರ್ಧ ಮಾಡಿದರೆ 220, ಸೋಯಾ ಮತ್ತು ಕಡ್ಲೆಯದ್ದು ಸೇರಿಸಿದರೂ 230 ದಾಟುವುದಿಲ್ಲ. ಒಂದೇ ಊಟದಲ್ಲಿ 200 ಕಿಲೋಗಿಂತ ಜಾಸ್ತಿ ಉಳಿಯಿತು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಹಾಗಾಗಿ ಉಳಿದದ್ದು ಹೆಚ್ಚುಕಡಿಮೆ 90 ಲೀಟರ್ ಪೆಟ್ರೋಲ್‌ಗೆ ಸಮ, ಕಾರಿನಲ್ಲಿ ಮಂಗಳೂರಿನಿಂದ ಬೆಂಗಳೂರಿಗೆ ಎರಡು ಸಲ ಹೋಗಿ ಬರುವಷ್ಟು. ಮನೆಯಲ್ಲಿ ನಾಲ್ಕು ಜನರಿಗೆ ಮಾಡುವಾಗ ಈ ವ್ಯತ್ಯಾಸ ಸಣ್ಣದು. ದೊಡ್ಡ ಅಡುಗೆಯಲ್ಲಿ ಒಬ್ಬರು ಮಾಡುವ ಒಂದು ತೀರ್ಮಾನಕ್ಕೆ ಇಷ್ಟು ತೂಕ ಉಂಟು.

ಏನೇನು ಬೇಕು (ನೂರು ಜನರಿಗೆ, ನೀರುದೋಸೆ ಅಥವಾ ಪಾವ್ ಜೊತೆ ಖೀಮಾವೇ ಮುಖ್ಯ ಪದಾರ್ಥವಾದರೆ)

ಮಟನ್ ಖೀಮಾ 5.5 ಕಿಲೋ, ಸೋಯಾ ಗ್ರಾನ್ಯೂಲ್ಸ್ 1.5 ಕಿಲೋ, ಕಪ್ಪು ಕಡ್ಲೆ 800 ಗ್ರಾಂ. ನೀರುಳ್ಳಿ 4 ಕಿಲೋ, ಮಧ್ಯಮ ಗಾತ್ರದ ತೆಂಗಿನಕಾಯಿ 10, ತೆಂಗಿನೆಣ್ಣೆ 700 ಎಂಎಲ್, ತುಪ್ಪ 200 ಗ್ರಾಂ. ಮಸಾಲೆಗೆ ಉದ್ದ ಮೆಣಸು (ಬ್ಯಾಡಗಿ) 180 ಗ್ರಾಂ, ಖಾರಕ್ಕೆ ಗಿಡ್ಡ ಮೆಣಸು 30 ಗ್ರಾಂ, ಕೊತ್ತಂಬರಿ 200 ಗ್ರಾಂ, ಜೀರಿಗೆ 60, ಕಾಳುಮೆಣಸು 40, ಮೆಂತೆ 10, ಅರಿಶಿನ ಪುಡಿ 25, ಚಕ್ಕೆ 15, ಲವಂಗ 10 ಗ್ರಾಂ. ಬೆಳ್ಳುಳ್ಳಿ 300, ಶುಂಠಿ 200, ಹುಣಸೆಹುಳಿ 150 ಗ್ರಾಂ. ಕರಿಬೇವು ಧಾರಾಳ. ಉಪ್ಪು 200 ಗ್ರಾಂ ಎತ್ತಿಟ್ಟುಕೊಳ್ಳಿ, ಎಲ್ಲ ಮುಗಿಯಲಿಕ್ಕಿಲ್ಲ. ಸೋಯಾ ನೆನೆಹಾಕುವ ನೀರಿಗೆ ಬೇರೆ ಉಪ್ಪು.

ಸೋಯಾ ಗ್ರಾನ್ಯೂಲ್ಸ್ ಅಂದರೆ ಸೋಯಾ ಅವರೆಯಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಟ್ಟನ್ನು ಬಿಸಿ ಮತ್ತು ಒತ್ತಡ ಕೊಟ್ಟು ಯಂತ್ರದಲ್ಲಿ ಹಿಂಡಿ ಮಾಡಿದ ಒಣ ತರಿ. ನೂರು ಗ್ರಾಂನಲ್ಲಿ ಸುಮಾರು 50 ಗ್ರಾಂ ಪ್ರೊಟೀನ್. ಕೊಬ್ಬು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಅದಕ್ಕೇ ಮೇಲೆ ಎಣ್ಣೆ ಮತ್ತು ತುಪ್ಪದಲ್ಲಿ ಕಂಜೂಸುತನ ಮಾಡಿಲ್ಲ. ಮಂಗಳೂರಿನಲ್ಲಾದರೆ ಬಂದರಿನ ಹೋಲ್‌ಸೇಲ್ ಅಂಗಡಿಗಳಲ್ಲಿ ಮಸಾಲೆ ಸಾಮಾನಿನ ಜೊತೆಗೇ ತರಬಹುದು. ತೀರಾ ಸಣ್ಣ ತರಿ ಬೇಡ, ಅದು ನೆನೆದರೆ ಹಿಟ್ಟಾಗುತ್ತದೆ. ಹುರಿಗಡಲೆಯ ಅರ್ಧದಷ್ಟು ಗಾತ್ರ ಇದ್ದರೆ ಚಂದ.

ಪ್ರೊಟೀನ್ ಕಡಿಮೆಯಾಗುತ್ತದಾ ಅಂತ ಕೇಳುವವರಿಗೆ ಇನ್ನೊಂದು ಲೆಕ್ಕ. ಪೂರ್ತಿ ಮಟನ್ ಹಾಕಿದರೆ ಒಬ್ಬರಿಗೆ ಸುಮಾರು 22 ಗ್ರಾಂ ಪ್ರೊಟೀನ್. ಈ ಅಳತೆಯಲ್ಲಿ ಸುಮಾರು 20. ಅಷ್ಟೇ ವ್ಯತ್ಯಾಸ. ಆದರೆ ಸೋಯಾ ಬದಲು ಬರೀ ಗುಜ್ಜೆ (ಎಳೆ ಹಲಸಿನಕಾಯಿ) ಅಥವಾ ಅಣಬೆ ಕೊಚ್ಚಿ ಹಾಕಿದರೆ ಈ ಮಾತು ನಿಲ್ಲುವುದಿಲ್ಲ. ಗುಜ್ಜೆ ಬಾಯಿಗೆ ಮಾಂಸದ ಹಾಗೆ ಸಿಗುತ್ತದೆ, ನಮ್ಮೂರಿನ ಬೇಸಗೆಯಲ್ಲಿ ಹಿತ್ತಲಲ್ಲೇ ಸಿಗುತ್ತದೆ, ನನಗೂ ಇಷ್ಟ. ಆದರೂ ಅದರಲ್ಲಿ ಪ್ರೊಟೀನ್ ತೀರಾ ಕಡಿಮೆ. ಹಾಕುವುದಾದರೆ ಸೋಯಾ, ಕಡ್ಲೆಯ ಜೊತೆಗೆ ಹಾಕಿ.

ಹಂತ 1: ತಲೆ ಎಣಿಸಿ, ಆಮೇಲೆ ಪ್ರಮಾಣ

ಖೀಮಾದ ಜೊತೆ ಕೋಳಿಯೋ ಮೀನೋ ಇದ್ದರೆ ಒಬ್ಬರಿಗೆ 60-70 ಗ್ರಾಂ ಲೆಕ್ಕ ಸಾಕು. ಖೀಮಾ ಒಂದೇ ಆದರೆ 110 ಗ್ರಾಂ. "ಇರಲಿ, ಇನ್ನೆರಡು ಕಿಲೋ" ಅಂತ ಸೇರಿಸುವ ಅಭ್ಯಾಸ ಬಿಡಿ. ಉಳಿದು ಗುಂಡಿಗೆ ಹೋದ ಮಟನ್‌ಗೂ ಅದೇ 40 ಕಿಲೋ ಲೆಕ್ಕ.

ಸಸ್ಯಾಹಾರಿಗಳು ಎಷ್ಟು ಜನ ಅಂತ ಮೊದಲೇ ಕೇಳಿಕೊಳ್ಳಿ. ಅರ್ಧ ಸೋಯಾ ಇದ್ದ ಮಾತ್ರಕ್ಕೆ ಇದು ಅವರ ಊಟವಾಗುವುದಿಲ್ಲ. ಅವರಿಗೆ ಬೇರೆ ಪಾತ್ರೆ, ಬೇರೆ ಸಟ್ಟುಗ, ಬೇರೆ ಮೇಜು. ಆ ಪಾತ್ರೆಯ ಅಡುಗೆಯನ್ನು ಮಟನ್ ಕಟ್ಟು ಬಿಚ್ಚುವ ಮೊದಲೇ ಮುಗಿಸಿ ಮುಚ್ಚಿಡಿ.

ಹಂತ 2: ಹಿಂದಿನ ರಾತ್ರಿ

ಕಡ್ಲೆ ತೊಳೆದು ನೆನೆಹಾಕಿ. ಎಂಟು ಗಂಟೆ ಬೇಕು. ಬೆಳಿಗ್ಗೆ ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕುಕ್ಕರಿಗೆ ಹಾಕಿ, ಬೆರಳಲ್ಲಿ ಒತ್ತಿದರೆ ಒಡೆಯುವಷ್ಟು ಬೇಯಿಸಿ. ನೀರು ಬಸಿದು ಮಿಕ್ಸಿಯಲ್ಲಿ ಒಂದೇ ಒಂದು ಸುತ್ತು ತಿರುಗಿಸಿ. ತರಿತರಿಯಾಗಿರಬೇಕು, ನುಣ್ಣಗಾಗಬಾರದು. ಕಡ್ಲೆ ಯಾಕೆ ಅಂದರೆ ಬರೀ ಸೋಯಾ ಇದ್ದರೆ ಎಲ್ಲ ತುತ್ತೂ ಒಂದೇ ಥರ ಬಾಯಿಗೆ ಸಿಗುತ್ತದೆ. ಕಡ್ಲೆಯ ಹಿಟ್ಟುಹಿಟ್ಟಾದ ಮೆತ್ತಗೆ ಮಧ್ಯೆ ಬಂದರೆ ಆ ಏಕತಾನ ಒಡೆಯುತ್ತದೆ. ಗುಜ್ಜೆ ಕಡ್ಲೆ, ಕಡ್ಲೆ ಸುಕ್ಕ ತಿಂದು ಬೆಳೆದ ನಾಲಿಗೆ ನಮ್ಮದು, ಸುಕ್ಕದ ಮಸಾಲೆಯಲ್ಲಿ ಕಡ್ಲೆ ಯಾರಿಗೂ ಹೊಸದಲ್ಲ ಅಲ್ವಾ. ನೆನೆಹಾಕಲು ಮರೆತರೆ ಇಡಿ ಮಸೂರ ಬಳಸಬಹುದು, ಅದು ತೆರೆದ ಪಾತ್ರೆಯಲ್ಲೇ ಇಪ್ಪತ್ತು ನಿಮಿಷದಲ್ಲಿ ಬೇಯುತ್ತದೆ.

ಹಂತ 3: ಸೋಯಾ, ಎಲ್ಲಕ್ಕಿಂತ ಮುಖ್ಯ ಕೆಲಸ

ಹತ್ತರಲ್ಲಿ ಒಂಬತ್ತು ಕಡೆ ಅಡುಗೆ ಕೆಡುವುದು ಇಲ್ಲೇ. ನಾನು ಮೊದಲ ಸಲ ಅರುವತ್ತು ಜನರಿಗೆ ಮಾಡಿದಾಗ ಒಣ ಸೋಯಾವನ್ನು ಹಾಗೇ ಗಸಿಗೆ, ಅಂದರೆ ನೀರಾಗಿರುವ ಮಸಾಲೆ ಸಾರಿಗೆ, ಸುರಿದೆ. ಅದು ಮಸಾಲೆಯ ನೀರನ್ನೆಲ್ಲ ಕುಡಿದು, ಹಸಿ ಸೋಯಾದ ವಾಸನೆಯನ್ನು ಇಡೀ ಹಂಡೆಗೆ ಬಿಟ್ಟಿತು. ನೀವು ಹಾಗೆ ಮಾಡಬೇಡಿ.

ಎಂಟು ಲೀಟರ್ ನೀರು ಕುದಿಸಿ, 60 ಗ್ರಾಂ ಉಪ್ಪು, ಒಂದು ಚಮಚ ಅರಿಶಿನ ಹಾಕಿ. ಒಲೆ ಆರಿಸಿ ಸೋಯಾ ಸುರಿದು ಹದಿನೈದು ನಿಮಿಷ ಮುಚ್ಚಿಡಿ. ಒಲೆಯ ಮೇಲೆ ಕುದಿಸುತ್ತಾ ಇರಬೇಡಿ, ಮುದ್ದೆಯಾಗುತ್ತದೆ. ಆಮೇಲೆ ಬಸಿದು, ತಣ್ಣೀರು ಹಾಕಿ, ಕೈಯಲ್ಲಿ ಕಲಸಿ ಮತ್ತೆ ಬಸಿಯಿರಿ. ಮೊದಲ ನೀರು ಹಳದಿ, ಮೇಲೆ ಸೋಪಿನ ಹಾಗೆ ನೊರೆ. ಎರಡನೆಯದು ಹಾಲಿನ ಬಣ್ಣ. ಮೂರನೇ ಸಲಕ್ಕೆ ನೀರು ತಿಳಿಯಾಗುತ್ತದೆ, ಅಲ್ಲಿ ನಿಲ್ಲಿಸಿ. ಹಸಿ ವಾಸನೆಯ ಹೆಚ್ಚಿನ ಪಾಲು ಈ ಚೆಲ್ಲಿದ ನೀರಿನ ಜೊತೆ ಹೋಗುತ್ತದೆ. ಹೊಟ್ಟೆಯುಬ್ಬರ ತರುವ ಸಕ್ಕರೆಯ ಅಂಶವೂ ಇದರಲ್ಲೇ ಒಂದಿಷ್ಟು ಹೋಗುತ್ತದೆ.

ಈಗ ಹಿಂಡುವುದು. ಬರೀ ಮುಷ್ಟಿಯಲ್ಲಿ ಹಿಂಡಿದರೆ ಸಾಲದು. ಶುಭ್ರವಾದ ತೆಳ್ಳಗಿನ ಬೈರಾಸು (ಟವೆಲ್) ತೆಗೆದುಕೊಳ್ಳಿ, ಒಂದು ಕಿಲೋದಷ್ಟು ಸೋಯಾ ಮಧ್ಯೆ ಇಟ್ಟು ಗಂಟು ಕಟ್ಟಿ. ಇಬ್ಬರು ಎರಡು ತುದಿ ಹಿಡಿದು, ಒದ್ದೆ ಬಟ್ಟೆ ಹಿಂಡುವ ಹಾಗೆ ಎದುರುಬದುರು ತಿರುಚಿ. ಮೊದಲು ಧಾರೆ, ಆಮೇಲೆ ಹನಿ, ಕೊನೆಗೆ ಬಟ್ಟೆ ಮಾತ್ರ ಒದ್ದೆ. ಬಿಚ್ಚಿದಾಗ ಸೋಯಾ ಉಪ್ಪಿಟ್ಟಿನ ರವೆಯ ಹಾಗೆ ಬಿಡಿಬಿಡಿಯಾಗಿ ಉದುರಬೇಕು. ಸ್ಪಂಜಿನ ಹಾಗೆ ಸಿಗುತ್ತದೆ ಅನ್ನುವ ದೂರಿಗೆ ಕಾರಣ ಒಳಗೆ ಉಳಿದ ಈ ನೀರೇ. ನೀರು ಇರುವ ಜಾಗಕ್ಕೆ ಮಸಾಲೆ ಹೇಗೆ ಹೋದೀತು?

ಹಿಂಡಿದ ಮೇಲೆ ತೂಕ ನೋಡಿ. ಒಂದೂವರೆ ಕಿಲೋ ಒಣ ಸೋಯಾ ಮೂರೂಮುಕ್ಕಾಲರಿಂದ ನಾಲ್ಕು ಕಿಲೋ ಆಗಬೇಕು. ಒಂದೊಂದು ಬ್ರಾಂಡ್ ಒಂದೊಂದು ಥರ ನೀರು ಹೀರುತ್ತದೆ. ಅದಕ್ಕೆ ಎರಡು ದಿನ ಮೊದಲೇ ನೂರು ಗ್ರಾಂ ನೆನೆಸಿ, ಹಿಂಡಿ, ತೂಗಿ ನೋಡುವುದು ಒಳ್ಳೆಯದು.

ಇನ್ನು ಹುರಿಯುವುದು. ಅಗಲ ಬಾಣಲೆಯಲ್ಲಿ ತೆಂಗಿನೆಣ್ಣೆ ಕಾಯಿಸಿ, ಒಂದು ಸಲಕ್ಕೆ ಒಂದು ಕಿಲೋ ಮಾತ್ರ ಹಾಕಿ, ಚಿಟಿಕೆ ಉಪ್ಪು ಉದುರಿಸಿ ಮಧ್ಯಮ ಉರಿಯಲ್ಲಿ ಹುರಿಯಿರಿ. ಶುರುವಿಗೆ ಚುಂಯ್ ಅಂತ ಹಬೆ ಏಳುತ್ತದೆ. ಎಂಟು ಹತ್ತು ನಿಮಿಷದಲ್ಲಿ ಹಬೆ ನಿಂತು, ಸದ್ದು ಒಣಗಿ, ತರಿಗಳು ಸಟ್ಟುಗಕ್ಕೆ ತಾಗಿ ಸರಸರ ಅನ್ನುತ್ತವೆ, ಬಣ್ಣ ಮಾಸಲು ಹಳದಿಯಿಂದ ಕಂದಿಗೆ ತಿರುಗುತ್ತದೆ. ಇಳಿಸಿ. ಎಲ್ಲವನ್ನೂ ಒಂದೇ ಸಲ ಸುರಿದರೆ ಹುರಿಯುವುದಿಲ್ಲ, ತನ್ನ ಹಬೆಯಲ್ಲೇ ಬೇಯುತ್ತದೆ. ನಾಲ್ಕು ಸರ್ತಿ ಹುರಿಯುವುದಕ್ಕೆ ಮುಕ್ಕಾಲು ಗಂಟೆ ಹೋಗುತ್ತದೆ, ಗೊತ್ತು. ಅದನ್ನು ಉಳಿಸಲು ಹೋಗಬೇಡಿ ಮಾರಾಯ್ರೆ.

ಹಂತ 4: ಮಸಾಲೆ

ಇದು ನಿಮಗೆ ಗೊತ್ತಿರುವುದೇ. ಮೆಣಸು, ಕೊತ್ತಂಬರಿ, ಮೆಂತೆ, ಕಾಳುಮೆಣಸು, ಚಕ್ಕೆ, ಲವಂಗ ಮತ್ತು 40 ಗ್ರಾಂ ಜೀರಿಗೆಯನ್ನು ಸ್ವಲ್ಪ ಎಣ್ಣೆಯಲ್ಲಿ ಬೇರೆ ಬೇರೆ ಹುರಿದು, 200 ಗ್ರಾಂ ಬೆಳ್ಳುಳ್ಳಿ ಮತ್ತು ಹುಣಸೆಹುಳಿ ಜೊತೆ ನುಣ್ಣಗೆ ರುಬ್ಬಿ. ಕಾಯಿತುರಿಗೆ ಉಳಿದ ಜೀರಿಗೆ ಮತ್ತು ನಾಲ್ಕೈದು ಬೆಳ್ಳುಳ್ಳಿ ಹಾಕಿ ಒಂದು ಸುತ್ತು ಮಾತ್ರ ತಿರುಗಿಸಿ ಬೇರೆ ಇಡಿ. ಸೋಯಾ ಸಪ್ಪೆ ಅಂತ ಖಾರ ಜಾಸ್ತಿ ಮಾಡಲು ಹೋಗಬೇಡಿ. ಸಪ್ಪೆತನ ಹೋಗುವುದು ಉಪ್ಪು ಮತ್ತು ಹುಳಿಯಿಂದ.

ಹಂತ 5: ಮಟನ್

ಮಾಂಸವನ್ನು ಕೊಚ್ಚುವ ಮೊದಲೇ ತೊಳೆಸಿಕೊಳ್ಳಿ. ಖೀಮಾ ಮಾಡಿದ ಮೇಲೆ ತೊಳೆದರೆ ರಸವೆಲ್ಲ ನೀರಿಗೆ ಹೋಗುತ್ತದೆ. ಇಡಿ ಮಾಂಸದಲ್ಲಿ ರೋಗಾಣು ಹೆಚ್ಚಾಗಿ ಹೊರಮೈಯಲ್ಲಿರುತ್ತದೆ, ಕೊಚ್ಚಿದಾಗ ಅದು ಒಳಗೆಲ್ಲ ಬೆರೆಯುತ್ತದೆ. ಹಾಗಾಗಿ ಖೀಮಾವನ್ನು ಅಡುಗೆಯ ದಿನ ಬೆಳಿಗ್ಗೆಯೇ ತನ್ನಿ, ಐಸ್ ಪೆಟ್ಟಿಗೆಯಲ್ಲಿ ಇಡಿ, ಗಂಟು ಉಳಿಯದ ಹಾಗೆ ಪೂರ್ತಿ ಬೇಯಿಸಿ. ಥರ್ಮಾಮೀಟರ್ ಇದ್ದರೆ ಮಧ್ಯದಲ್ಲಿ 75 ಡಿಗ್ರಿ ಬರಬೇಕು.

ದಪ್ಪ ತಳದ ಪಾತ್ರೆಯಲ್ಲಿ ಖೀಮಾ, ಜಜ್ಜಿದ ಶುಂಠಿ ಮತ್ತು ಉಳಿದ ಬೆಳ್ಳುಳ್ಳಿ, ಅರಿಶಿನ, 60 ಗ್ರಾಂ ಉಪ್ಪು ಹಾಕಿ ಮುಚ್ಚಿ ಬೇಯಿಸಿ. ನೀರು ಹಾಕಬೇಡಿ. ಖೀಮಾ ತಾನೇ ಧಾರಾಳ ರಸ ಬಿಡುತ್ತದೆ. ಅರ್ಧ ಗಂಟೆ ಕುದಿದ ಮೇಲೆ ಆ ರಸವನ್ನು ಸೌಟಿನಲ್ಲಿ ತೆಗೆದು, ಬಿಸಿಯಿರುವಾಗಲೇ ಹುರಿದಿಟ್ಟ ಸೋಯಾದ ಮೇಲೆ ಸುರಿದು ಕಲಸಿ. ಕಷ್ಟಪಟ್ಟು ನೀರು ತೆಗೆದದ್ದು ಇದಕ್ಕೇ. ಒಣಗಿದ ಸೋಯಾ ಆ ರಸವನ್ನು ಕಣ್ಣೆದುರೇ ಹೀರಿಕೊಳ್ಳುತ್ತದೆ, ಐದು ನಿಮಿಷದಲ್ಲಿ ಪಾತ್ರೆಯ ತಳದಲ್ಲಿ ಏನೂ ಉಳಿಯುವುದಿಲ್ಲ. ಒಂದು ತರಿ ಬಾಯಿಗೆ ಹಾಕಿ ನೋಡಿ, ಮಟನ್ ರುಚಿ ಅದರೊಳಗೇ ಇರುತ್ತದೆ.

ರಸ ತೆಗೆದ ಖೀಮಾವನ್ನು ಮೂರು ಪಾಲು ಮಾಡಿ, ಒಂದೊಂದನ್ನೂ ಬಾಣಲೆಯಲ್ಲಿ ಅದರದ್ದೇ ಕೊಬ್ಬಿನಲ್ಲಿ ಕಂದಾಗುವವರೆಗೆ ಹುರಿಯಿರಿ.

ಹಂತ 6: ಎಲ್ಲ ಒಟ್ಟು

ಉಳಿದ ತೆಂಗಿನೆಣ್ಣೆಯಲ್ಲಿ ಕರಿಬೇವು, ನೀರುಳ್ಳಿ ಹಾಕಿ ಚೆನ್ನಾಗಿ ಬಾಡಿಸಿ. ರುಬ್ಬಿದ ಮಸಾಲೆ ಸೇರಿಸಿ ಎಣ್ಣೆ ಬಿಡುವವರೆಗೆ ತಿರುಗಿಸಿ. ಮಟನ್, ಸೋಯಾ, ಕಡ್ಲೆ ಇದೇ ಕ್ರಮದಲ್ಲಿ ಹಾಕಿ. ನೀರು ಒಂದು ಲೀಟರ್ ಸಾಕು, ಮಿಕ್ಸಿ ತೊಳೆದ ನೀರೇ ಆಗುತ್ತದೆ. ಮನೆಯ ಅಳತೆಯನ್ನು ನೂರು ಜನರಿಗೆ ಗುಣಿಸುವಾಗ ನೀರನ್ನೂ ಅಷ್ಟೇ ಗುಣಿಸುವುದು ದೊಡ್ಡ ತಪ್ಪು. ಪದಾರ್ಥ ಹತ್ತು ಪಟ್ಟಾದರೂ ಪಾತ್ರೆಯ ಬಾಯಿ ಹತ್ತು ಪಟ್ಟು ಅಗಲವಾಗುವುದಿಲ್ಲ. ನೀರು ಆರುವುದು ಆ ಬಾಯಿಯಿಂದಲೇ. ಜಾಸ್ತಿ ಹಾಕಿದರೆ ಸುಕ್ಕ ಮಾಡಲು ಹೋಗಿ ಗಸಿ ಮಾಡಿದಂತಾಗುತ್ತದೆ.

ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಇರಲಿ. ಸೋಯಾ ಇರುವುದರಿಂದ ಬೇಗ ಅಡಿ ಹಿಡಿಯುತ್ತದೆ. ಎರಡು ಮೂರು ನಿಮಿಷಕ್ಕೊಮ್ಮೆ ತಳ ಕೆರೆದು ತಿರುಗಿಸಲು ಒಬ್ಬರನ್ನು ಅಲ್ಲೇ ನಿಲ್ಲಿಸಿ. ಉಪ್ಪು ಈಗ ನೋಡಿ, ಹಾಕಿ, ಐದು ನಿಮಿಷ ಬಿಟ್ಟು ಮತ್ತೆ ನೋಡಿ. ಸೋಯಾ ಉಪ್ಪನ್ನು ನಿಧಾನವಾಗಿ ಎಳೆದುಕೊಳ್ಳುತ್ತದೆ, ಮೊದಲ ರುಚಿ ನಂಬಬೇಡಿ. ಕೊನೆಗೆ ಕಾಯಿತುರಿ ಹಾಕಿ, ಅದರ ಹಸಿ ವಾಸನೆ ಹೋಗುವವರೆಗೆ ಹುರಿದು, ಮೇಲಿನಿಂದ ತುಪ್ಪ ಬಿಟ್ಟು ಒಲೆ ಆರಿಸಿ.

ಹಂತ 7: ಬಡಿಸುವ ತನಕ

ನಮ್ಮ ಕರಾವಳಿಯ ಸೆಕೆಯಲ್ಲಿ ಕಾಯಿ ಹಾಕಿದ ಪದಾರ್ಥ ಬೇಗ ಹಳಸುತ್ತದೆ. 60 ಡಿಗ್ರಿಗಿಂತ ಮೇಲೆ, ಅಂದರೆ ಮುಚ್ಚಳ ತೆಗೆದರೆ ಹಬೆ ಕಾಣುವಷ್ಟು ಬಿಸಿಯಾಗಿ ಇಡಬೇಕು. ಒಲೆಯಿಂದ ಇಳಿಸಿ ಬೆಚ್ಚಗೆ ಮಾತ್ರ ಇಟ್ಟರೆ ಎರಡು ಗಂಟೆಯೇ ಗಡುವು, ಏಪ್ರಿಲ್, ಮೇ ತಿಂಗಳ ಮಧ್ಯಾಹ್ನವಾದರೆ ಒಂದೇ ಗಂಟೆ. ಒಂದು ಗಂಟೆಗೆ ಊಟ ಅಂತಿದ್ದರೆ ಹನ್ನೆರಡೂವರೆಗೆ ಕಾಯಿ ಹಾಕುವ ಹಾಗೆ ಲೆಕ್ಕ ಇಟ್ಟುಕೊಳ್ಳಿ. ನೆನೆದ ಸೋಯಾ ಕೂಡ ಬೇಗ ಹುಳಿಯಾಗುತ್ತದೆ, ಹಿಂದಿನ ರಾತ್ರಿಯೇ ನೆನೆಸಿ ಹೊರಗೆ ಇಡುವ ಹಾಗಿಲ್ಲ.

ಪಾತ್ರೆಯ ಎದುರು ಒಂದು ಚೀಟಿ ಇಡಿ: "ಮಟನ್, ಸೋಯಾ, ಕಡ್ಲೆ". ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. "ಹೇಳಬೇಡಿ, ಯಾರಿಗೂ ಗೊತ್ತಾಗುವುದಿಲ್ಲ" ಅನ್ನುವವರು ಸಿಗುತ್ತಾರೆ. ಸೋಯಾ ಅಲರ್ಜಿ ಇರುವವರು ಇರುತ್ತಾರೆ, ಅವರಿಗೆ ಇದು ಜೀವದ ಪ್ರಶ್ನೆ. ಅಲರ್ಜಿ ಇಲ್ಲದವರಿಗೂ ತಾವೇನು ತಿನ್ನುತ್ತಿದ್ದೇವೆ ಅಂತ ತಿಳಿಯುವ ಹಕ್ಕುಂಟು. ಚೀಟಿ ಇಟ್ಟ ಕಡೆಯೂ ಜನ ಎರಡನೇ ಸಲ ಹಾಕಿಸಿಕೊಂಡದ್ದನ್ನು ನಾನು ನೋಡಿದ್ದೇನೆ.

ಇದೇ ಖೀಮಾದಿಂದ ಬೇರೆ ಪದಾರ್ಥ

ಮೊದಲ ಸಲ ಮಾಡುವವರಿಗೆ ಅರ್ಧ ಭಾಗ ಜಾಸ್ತಿ ಅನ್ನಿಸಿದರೆ ಮೂರನೇ ಒಂದು ಭಾಗದಿಂದ ಶುರು ಮಾಡಿ. ಪ್ಯಾಟಿಸ್‌ಗೆ, ಅಂದರೆ ಬಟಾಟೆಯ ಹೊದಿಕೆಯೊಳಗೆ ಖೀಮಾ ತುಂಬಿ ಕಾಯಿಸುವ ಪೊಟೆಟೊ ಚಾಪ್ಸ್‌ಗೆ, ಮೂರರಲ್ಲಿ ಎರಡು ಭಾಗ ಸೋಯಾ ಇದ್ದರೂ ನಡೆಯುತ್ತದೆ. ಅಲ್ಲಿ ಕಾಯಿತುರಿ ಬೇಡ, ಪೂರ್ತಿ ಒಣಗಿಸಿ, ಇಲ್ಲದಿದ್ದರೆ ಬಟಾಟೆ ಒಡೆಯುತ್ತದೆ. ಖೀಮಾ ಉಂಡೆ, ಕಬಾಬ್ ಮಾಡುವಾಗ ಮಾತ್ರ ಎಚ್ಚರ. ಸೋಯಾಕ್ಕೆ ಅಂಟು ಇಲ್ಲ. ಒಂದು ಕಿಲೋ ಮಿಶ್ರಣಕ್ಕೆ ಎರಡು ಮೊಟ್ಟೆ, ನೂರು ಗ್ರಾಂ ಹುರಿಗಡಲೆ ಪುಡಿ ಹಾಕಿ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ಆಮೇಲೆ ಕಟ್ಟಿ. ಕೋಳಿ ಖೀಮಾದಲ್ಲಿಯೂ ಇದೇ ಅಳತೆ ಆಗುತ್ತದೆ. ಕೋಳಿಯ ಕಾರ್ಬನ್ ಲೆಕ್ಕ ಮಟನ್‌ನ ಕಾಲು ಭಾಗ ಮಾತ್ರ, ಆದರೆ ಕೊಬ್ಬು ಕಡಿಮೆ ಇರುವುದರಿಂದ ಎಣ್ಣೆ 100 ಎಂಎಲ್ ಜಾಸ್ತಿ ಬೇಕು.

ಉಳಿದರೆ ದೊಡ್ಡ ಪಾತ್ರೆಯಲ್ಲೇ ಮುಚ್ಚಿಟ್ಟು ರಾತ್ರಿಗೆ ಬಿಸಿ ಮಾಡುವುದು ಬೇಡ, ಮಧ್ಯದ ಭಾಗ ಗಂಟೆಗಟ್ಟಲೆ ತಣಿಯುವುದೇ ಇಲ್ಲ. ಎರಡು ಇಂಚಿಗಿಂತ ದಪ್ಪ ಆಗದ ಹಾಗೆ ಅಗಲ ತಟ್ಟೆಗಳಲ್ಲಿ ಹರಡಿ, ಫ್ಯಾನಿನ ಕೆಳಗೆ ಬೇಗ ತಣಿಸಿ ಫ್ರಿಜ್‌ಗೆ ಹಾಕಿ. ಮರುದಿನ ಹಬೆಯಾಡುವಷ್ಟು ಬಿಸಿ ಮಾಡಿ, ಒಂದೇ ಸಲ. ಸೋಯಾ ರಾತ್ರಿಯಿಡೀ ಮಸಾಲೆ ಕುಡಿದಿರುತ್ತದೆ, ಅದಕ್ಕೆ ಒಂದು ಸೌಟು ಬಿಸಿನೀರು ಮತ್ತು ಅರ್ಧ ಲಿಂಬೆಹಣ್ಣಿನ ರಸ ಹಾಕಿದರೆ ಪಾವ್ ಒಳಗೆ ತುಂಬಲು ಸರಿಯಾದ ಹದಕ್ಕೆ ಬರುತ್ತದೆ.